ಬೆಟ್ಟದ ದಾರಿ ಹೇಳುತ್ತಿದ್ದ ಕಾಕಾ

ಕಾಕಾ ತೀರಿಕೊಂಡು ಹತ್ತಿರ ಹತ್ತಿರ ಎರಡು ವರ್ಷವಾಯಿತು. ಸುದ್ದಿ ನನಗೆ ತಲುಪಿದ್ದು ಒಂದು ತಿಂಗಳು ತಡವಾಗಿ. ಬೆಟ್ಟದ ಮೇಲಿನ ಆರೋಗ್ಯ ಕೇಂದ್ರದಲ್ಲಿ ಕೆಟ್ಟು ನಿಂತಿದ್ದ ಇಸಿಜಿ ಯಂತ್ರವನ್ನು ಒಮಾನಿನ ನಿಜ್ವಾದಲ್ಲಿ ನಾನು ಯಂತ್ರ ರಿಪೇರಿ ಮಾಡುವ ಆಸ್ಪತ್ರೆಗೆ ತಂದುಕೊಟ್ಟ ಡ್ರೈವರ್, ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಳ್ಳುತ್ತ, ನಿಮ್ಮ ಅಂಗಡಿ ಕಾಕಾ ಊರಲ್ಲಿ ಹೋದರಂತೆ ಎಂದ. ನಾನು ಸಹಿ ಹಾಕಿದೆ. ಅವನು ಹೋದ ಮೇಲೆ ಯಂತ್ರದ ಮುಚ್ಚಳ ಬಿಚ್ಚಿ, ಏನು ಕೆಟ್ಟಿದೆ ಎಂದು ನೋಡುವುದನ್ನು ಮರೆತು ಕುಳಿತಿದ್ದೆ. ಆಸ್ಪತ್ರೆಯಲ್ಲಿ ಆ ಸುದ್ದಿ ಹೇಳಿಕೊಳ್ಳಲು ನನಗೆ ಒಬ್ಬರೂ ಇರಲಿಲ್ಲ. ಅವರನ್ನು ಕಂಡವರು ಸಾವಿರಾರು ಜನ ಇದ್ದಾರು. ಎಲ್ಲರೂ ಒಮ್ಮೆ ಕಾರು ನಿಲ್ಲಿಸಿ, ದಾರಿ ಕೇಳಿ, ಮುಂದೆ ಹೋದವರು.

ಜಬಲ್ ಅಖ್ದರ್ ಎಂದರೆ ಹಸಿರು ಬೆಟ್ಟ. ಕೆಳಗಿನಿಂದ ನೋಡಿದರೆ ಹಸಿರು ಎಲ್ಲಿಯೂ ಕಾಣುವುದಿಲ್ಲ. ಸುಟ್ಟ ಇಟ್ಟಿಗೆಯ ಬಣ್ಣದ ಬಂಡೆ ಮಾತ್ರ. ಬರ್ಕತ್ ಅಲ್ ಮೌಜ್ ದಾಟಿದ ಮೇಲೆ ಪೊಲೀಸರು ಕಾರು ತಡೆದು, ಫೋರ್ ವೀಲ್ ಗಾಡಿಯಾದರೆ ಮಾತ್ರ ಮೇಲೆ ಬಿಡುತ್ತಾರೆ. ಅಲ್ಲಿಂದ ತಿರುವು ತಿರುವಾಗಿ ಏರಿದರೆ, ಕೆಳಗೆ ನಲವತ್ತೈದು ಡಿಗ್ರಿ ಇದ್ದ ಬಿಸಿಲು ಮೇಲೆ ಇಪ್ಪತ್ತೆಂಟಕ್ಕೆ ಇಳಿದಿರುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕಟ್ಟುತ್ತದೆ. ಬೆಟ್ಟದ ನೆತ್ತಿಯಲ್ಲಿರುವ ಊರು ಸೈಕ್. ಮುಖ್ಯ ರಸ್ತೆಗೆ ಅಂಟಿಕೊಂಡ ಒಂದು ದಿನಸಿ ಅಂಗಡಿಯಲ್ಲಿ ಅವರು ಇಪ್ಪತ್ತನಾಲ್ಕು ವರ್ಷ ಇದ್ದರು. ಬಂದಾಗ ಆ ರಸ್ತೆಗೆ ಡಾಂಬರು ಬಿದ್ದಿರಲಿಲ್ಲವಂತೆ.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಬಂಟ್ವಾಳದ ಕಡೆಯ ಬ್ಯಾರಿಗಳು; ಅವರ ಕಡೆ ಹಿರಿಯರನ್ನು ಹಾಗೆ ಕರೆಯುವುದುಂಟು. ನಮ್ಮ ಬಾಗಲಕೋಟೆ ಕಡೆ ಕಾಕಾ ಎಂದರೆ ಅಪ್ಪನ ತಮ್ಮ. ಹಾಗಾಗಿ ಮೊದಲ ದಿನ ನಾನು ಕಾಕಾ ಎಂದಾಗ ಅವರಿಗೆ ಒಂದು ಅರ್ಥ, ನನಗೆ ಇನ್ನೊಂದು. ಆ ವ್ಯತ್ಯಾಸವನ್ನು ಇಬ್ಬರೂ ಯಾವತ್ತೂ ಸರಿಪಡಿಸಿಕೊಳ್ಳಲಿಲ್ಲ.

ನಾವು ನಿಜ್ವಾಕ್ಕೆ ಬಂದ ಹೊಸತು. ಶುಕ್ರವಾರ ರಜೆ, ಹೆಂಡತಿ ಮತ್ತು ಮಗಳನ್ನು ಕರೆದುಕೊಂಡು ಬೆಟ್ಟ ಹತ್ತಿದ್ದೆ. ಮೇಲೆ ಹೋದ ಮೇಲೆ ಏನು ನೋಡಬೇಕೆಂದು ಗೊತ್ತಿರಲಿಲ್ಲ. ನೀರಿನ ಬಾಟಲಿ ಕೊಳ್ಳಲು ಆ ಅಂಗಡಿಯ ಮುಂದೆ ನಿಲ್ಲಿಸಿದೆ. ನಾನು ಹೆಂಡತಿಗೆ, ಸಣ್ಣ ಬಾಟ್ಲಿ ಸಾಕೇನ, ದೊಡ್ಡದು ತಗೊಳ್ಲೇನ ಎಂದದ್ದು ಒಳಗೆ ಕೇಳಿಸಿತು. ಉಣ್ಣೆಯ ಟೊಪ್ಪಿ ಕಿವಿಯವರೆಗೆ ಎಳೆದುಕೊಂಡಿದ್ದ ತೆಳ್ಳನೆಯ ಮನುಷ್ಯ ಕೌಂಟರಿನ ಹಿಂದಿನಿಂದ ಎದ್ದು ನಿಂತು, ‘ಕನ್ನಡವಾ?’ ಎಂದರು. ಹೌದು ಎಂದೆ. ‘ಊರಲ್ಲಿ ಎಲ್ಲಾಯ್ತು ನಿಮ್ಗೆ?’

ಬಾಗಲಕೋಟೆ ಹೆಸರು ಅವರು ಕೇಳಿದ್ದರು, ನೋಡಿರಲಿಲ್ಲ. ನಮ್ಮನ್ನು ಕೂರಿಸಲು ಅಕ್ಕಿ ಮೂಟೆಯ ಮೇಲೆ ರಟ್ಟು ಹಾಸಿದರು. ಏರಿ ಬಂದವರು ಮೊದಲು ಅರ್ಧ ಗಂಟೆ ಏನೂ ಮಾಡಬಾರದು, ಉಸಿರು ಬೆಟ್ಟಕ್ಕೆ ಹೊಂದಿಕೊಳ್ಳಬೇಕು ಎಂದು ಹೇಳಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಆಮೇಲೆ ಶುರುವಾಯಿತು ನೋಡಿ. ಬಿಸ್ಕತ್ತಿನ ಡಬ್ಬದ ರಟ್ಟು ಹರಿದು ಅದರ ಹಿಂದೆ ನಕಾಶೆ ಬರೆದರು. ಮೆಟ್ಟಿಲು ಮೆಟ್ಟಿಲಾದ ಹೊಲಗಳಿರುವ ಹಳ್ಳಿಗಳಿಗೆ ಈಗಲೇ ಹೋಗಬಾರದು, ಬಿಸಿಲು ವಾಲಿದ ಮೇಲೆ ಹೋಗಬೇಕು. ಆಗ ಫಲಜ್ ಎಂಬ ಕಾಲುವೆಯ ನೀರನ್ನು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ತಿರುಗಿಸುತ್ತಾರೆ, ತೂಬಿನ ಕಲ್ಲು ತೆಗೆಯುವಾಗ ಬರುವ ಸದ್ದು ಕೇಳಬೇಕು. ಗುಲಾಬಿ ನೋಡುವುದಾದರೆ ಏಪ್ರಿಲಿನಲ್ಲಿ, ಅದೂ ಹೊತ್ತು ಮೂಡುವ ಮೊದಲು ಹೂ ಕೊಯ್ಯುವಾಗ. ಪನ್ನೀರನ್ನು ರಸ್ತೆ ಬದಿಯಲ್ಲಿ ಕೊಳ್ಳಬೇಡಿ, ಯಾವ ಮನೆಯ ಹಿಂದೆ ಹೊಗೆ ಏಳುತ್ತದೋ ಆ ಮನೆಗೆ ಹೋಗಿ ಕೇಳಿ. ಸ್ವಲ್ಪ ಸುಟ್ಟ ವಾಸನೆ ಇದ್ದರೆ ಅದು ಅಸಲು. ದಾರಿಯಲ್ಲಿ ಗಿಡ್ಡ ಮರಗಳು ಸಿಗುತ್ತವೆ, ಅದರ ನೀಲಿ ಕಾಯಿಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿ. ಜನ ಬಿಟ್ಟುಹೋದ ಒಂದು ಹಳ್ಳಿ ಇದೆ, ವಾದಿ ಬನೀ ಹಬೀಬ್. ಮೆಟ್ಟಿಲು ಇಳಿದು ಹಳ್ಳ ದಾಟಿ ಹೋಗಬೇಕು, ಕೆಳಗೆ ಆಕ್ರೋಟಿನ ದೊಡ್ಡ ಮರ, ಅದರ ನೆರಳಿನಲ್ಲಿ ಊಟದ ಬುತ್ತಿ ಬಿಚ್ಚಿ.

ಇಷ್ಟು ಹೇಳಿ, ಕೊನೆಗೆ ಒಂದು ಮಾತು ಸೇರಿಸಿದರು. ‘ವಾಪಸ್ ಹೋಗುವಾಗ ಒಂದು ಐದು ನಿಮಿಷ ನಿಲ್ಸಿ ಸಾರ್. ಎಂತೆಲ್ಲ ನೋಡಿದ್ರಿ ಅಂತ ಹೇಳಿ ಹೋಗಿ.’

ನಾನು ನಿಲ್ಲಿಸಲಿಲ್ಲ. ಮಗಳು ಕಾರಿನಲ್ಲಿ ನಿದ್ದೆ ಹೋಗಿದ್ದಳು, ಇಳಿಜಾರಿನಲ್ಲಿ ಬೆಳಕಿರುವಾಗಲೇ ಇಳಿಯಬೇಕಿತ್ತು. ಅಂಗಡಿ ದಾಟುವಾಗ ಅವರು ಬಾಗಿಲಲ್ಲಿ ನಿಂತಿದ್ದುದನ್ನು ಕಂಡೆ. ಕೈ ಎತ್ತಿದೆ. ಅವರೂ ಎತ್ತಿದರು.

ಆರೋಗ್ಯ ಕೇಂದ್ರದ ಯಂತ್ರಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಅದರ ಮಾರನೆಯ ತಿಂಗಳು. ಅಂಗಡಿಗೆ ಹೋದೆ. ಸಾಮಾನು ಕೊಟ್ಟರು, ಮಾತಿಲ್ಲ. ಹೊರಡುವಾಗ ಮಾತ್ರ ಮೆಲ್ಲಗೆ, ಅವತ್ತು ಕಾದಿದ್ದೆ ಸಾರ್ ಎಂದರು. ಆಕ್ಷೇಪಣೆಯ ದನಿಯಲ್ಲ, ಗಡಿಯಾರ ನೋಡಿ ಗಂಟೆ ಹೇಳುವವರ ಹಾಗೆ. ‘ಹೊತ್ತಾಗಿತ್ರಿ ಕಾಕಾ’ ಎಂದೆ. ನನಗೇ ನಾಚಿಕೆಯಾಯಿತು. ಮೂಟೆಯ ಮೇಲೆ ಕುಳಿತು, ಹಿಂದಿನ ತಿಂಗಳು ನೋಡಿದ್ದನ್ನೆಲ್ಲ ಹೇಳತೊಡಗಿದೆ.

ಅವರು ಕೇಳುತ್ತಿದ್ದ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲು ರೇಡಿಯೋ ಆರಿಸುವರು. ತಕ್ಕಡಿಯಲ್ಲಿ ಈರುಳ್ಳಿ ಇದ್ದರೆ ಅದು ಅಲ್ಲೇ, ಅರ್ಧ ತೂಕದಲ್ಲೇ ನಿಲ್ಲುವುದು. ಎರಡೂ ಅಂಗೈಯಲ್ಲಿ ಚಹಾದ ಲೋಟ ಹಿಡಿದು, ಕುಡಿಯದೆ, ಕಣ್ಣು ನನ್ನ ಬಾಯಿಯ ಮೇಲೆಯೇ. ನಡುವೆ ಪ್ರಶ್ನೆ. ನೀರು ಕಾಲುವೆಯಲ್ಲಿ ಬಲಗಡೆಯಿಂದ ಬರುತ್ತಿತ್ತೋ ಎಡಗಡೆಯಿಂದಲೋ? ದಾಳಿಂಬೆಗೆ ಬಟ್ಟೆ ಸುತ್ತಿದ್ದರೋ ಇಲ್ಲವೋ? ಪಾಳು ಮನೆಯ ಬಾಗಿಲು ಇನ್ನೂ ಇದೆಯೋ, ಮರವೋ ತಗಡೋ? ಯಾರಾದರೂ ಮಾತಾಡಿಸಿದರೋ? ಏನೆಂದರು? ನಾನು ಯಂತ್ರದವನು, ಸುಮ್ಮನೆ ನೋಡಿ ಬರುವವನು. ಅವರ ಪ್ರಶ್ನೆಗಳಿಗೆ ಉತ್ತರ ಬೇಕೆಂದೇ ಆಮೇಲಾಮೇಲೆ ಗಮನವಿಟ್ಟು ನೋಡಲು ಕಲಿತೆ. ಕೆಲಸ ಮುಗಿದ ಮೇಲೆ ಒಂದು ತಾಸು ಯಾವುದಾದರೂ ಹಳ್ಳಿಗೆ ಇಳಿದು, ಅಂಗಡಿಗೆ ಬಂದು, ವರದಿ ಒಪ್ಪಿಸಿ ಹೋಗುವುದು ರೂಢಿಯಾಯಿತು. ನಿಜ್ವಾದ ಶಾಲೆಗೆ ಹೋಗುತ್ತಿದ್ದ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದೇ ಪದದ ಉತ್ತರ ಕೊಡುತ್ತಿದ್ದ ಕಾಲ ಅದು. ನನ್ನ ಮಾತಿಗಾಗಿ ಒಬ್ಬರು ಕಾಯುತ್ತಾರೆ ಎನ್ನುವುದು ನನಗೂ ಬೇಕಾಗಿತ್ತು.

ಅವರ ದಿನಚರಿ ನನಗೆ ಗೊತ್ತಿತ್ತು. ನಸುಕಿನ ಸುಬಹಿ ನಮಾಜು ಮುಗಿಸಿ ಅಂಗಡಿ ತೆರೆದರೆ ರಾತ್ರಿಯ ಇಶಾ ಆದ ಮೇಲೆಯೇ ಮುಚ್ಚುವುದು. ಅಂಗಡಿಯ ಹಿಂದೆಯೇ ಒಂದು ಕೋಣೆ, ಒಂದು ಮಂಚ, ಒಂದು ಒಲೆ. ನಮಾಜಿಗೆ ಎದುರಿನ ಪಳ್ಳಿಗೆ ಹೋಗುವಾಗ ಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಡುವರು. ಸಾಮಾನು ನಿಜ್ವಾದಿಂದ ಗಾಡಿಯಲ್ಲಿ ಬರುತ್ತಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೋದರೆ ಇಳಿಜಾರಿನ ರಸ್ತೆ ನೋಡುತ್ತಿದ್ದರು, ಅಷ್ಟೆ. ಚಳಿಗಾಲದಲ್ಲಿ ಮಳೆ ಹಿಡಿದು ರಸ್ತೆ ಮುಚ್ಚಿದರೆ ವಾರಗಟ್ಟಲೆ ಅಂಗಡಿಯಲ್ಲಿ ಅವರಿಗೆ ಅರಬ್ಬಿ ಬಿಟ್ಟು ಬೇರೆ ಭಾಷೆ ಕಿವಿಗೆ ಬೀಳುತ್ತಿರಲಿಲ್ಲ. ಹಾಗೆ ಒಂದು ಸಲ ಹನ್ನೊಂದು ದಿನದ ಮೇಲೆ ನಾನು ಹೋದಾಗ, ‘ಒಂದು ನಿಮಿಷ ಸಾರ್, ಕನ್ನಡ ಬರ್ಬೇಕು’ ಎಂದು ಹಣೆ ಉಜ್ಜಿಕೊಂಡರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಿಜವಾಗಿ ಮಾತು ಬರುತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಅಂಗಡಿ ಬಿಟ್ಟು ಕದಲದವರು ಇದನ್ನೆಲ್ಲ ಯಾವಾಗ ನೋಡಿದರು ಎಂದು ಕೇಳಿಕೊಳ್ಳಬೇಕಿತ್ತು. ಅಷ್ಟು ಖಚಿತವಾಗಿ ಹೇಳುತ್ತಿದ್ದರು.

ತಿಳಿದದ್ದು ಒಂದು ಕೆಟ್ಟ ದಿನ. ಮಸ್ಕತ್ತಿನಿಂದ ಬಂದ ಒಂದು ಹಿಂದಿ ಕುಟುಂಬ; ಗಂಡ, ಹೆಂಡತಿ, ಗಂಡನ ವಯಸ್ಸಾದ ತಾಯಿ. ಕಾಕಾ ಎಂದಿನಂತೆ ರಟ್ಟಿನ ಮೇಲೆ ಗೆರೆ ಎಳೆದು, ಹೊಲಗಳ ಕೆಳಗೆ ಇಳಿಯುವ ಕಲ್ಲಿನ ದಾರಿ ತೋರಿಸಿ ಕಳಿಸಿದ್ದರು. ಆ ದಾರಿಯ ಅರ್ಧ ಹಿಂದಿನ ವರ್ಷದ ಮಳೆಯ ಪ್ರವಾಹದಲ್ಲಿ ಕೊಚ್ಚಿ ಹೋಗಿತ್ತು. ನಕಾಶೆಯಲ್ಲಿ ಇರುವುದು ಸಿಗಲಿಲ್ಲವೆಂದು ಅವರು ಬೇರೆ ಕಡೆಯಿಂದ ಇಳಿದಿದ್ದಾರೆ. ಮುದುಕಿ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಮೇಲೆ ಹತ್ತಲಾರದೆ ಬಂಡೆಗಳ ನಡುವೆ ಬಿಸಿಲಲ್ಲಿ ಮೂರು ತಾಸು ಕೂತಿದ್ದರಂತೆ, ಹೊಲದವರು ಕಂಡು ಎತ್ತಿಕೊಂಡು ಬರುವವರೆಗೆ. ನಾನು ಆರೋಗ್ಯ ಕೇಂದ್ರದಲ್ಲಿದ್ದೆ. ಎಕ್ಸ್‌ರೇ ಯಂತ್ರದ ಮುಂದೆ ಆ ತಾಯಿ ಕೈ ಹಿಡಿದುಕೊಂಡು, ಅಳದೆ, ಮಗನಿಗೆ ನೀರು ಕುಡಿ ಎನ್ನುತ್ತಿದ್ದರು.

ಮಗ ಅಲ್ಲಿಂದ ನೇರ ಅಂಗಡಿಗೆ ಹೋದ. ಏನಾದೀತೋ ಎಂದು ನಾನೂ ಹಿಂದೆಯೇ ಹೋದೆ. ಅವನು ಕೂಗಾಡಲಿಲ್ಲ. ರಟ್ಟನ್ನು ಕೌಂಟರಿನ ಮೇಲಿಟ್ಟು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದ: ನೀನು ಯಾವತ್ತಾದರೂ ಈ ಜಾಗಕ್ಕೆ ಹೋಗಿದ್ದೀಯಾ?

ಕಾಕಾ ರಟ್ಟನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ, ಇಲ್ಲ ಎಂದರು.

ಆ ಮನುಷ್ಯನ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ಬೈಯಲು ಬಂದವನು ತಿರುಗಿ ಹೊರಟುಹೋದ. ಕಾಕಾ ನನ್ನ ಕಡೆ ನೋಡದೆಯೇ ಹೇಳಿದರು: ‘ಎಲ್ಲಿಗೂ ಹೋಗ್ಲಿಲ್ಲ ಸಾರ್. ಬಂದವರು ಹೇಳಿದ್ದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಿದ್ದು, ಅಷ್ಟೇ.’

ಅಂದಿನಿಂದ ಅವರು ದಾರಿ ಹೇಳುವುದನ್ನು ಬಿಟ್ಟರು. ಕೇಳಿದವರಿಗೆ, ಫೋನಲ್ಲಿ ನಕ್ಷೆ ಇರುತ್ತದೆ ನೋಡಿ ಎನ್ನುವರು. ನಾನು ತಿಂಗಳ ವರದಿ ಒಪ್ಪಿಸಲು ಕುಳಿತರೆ ತಕ್ಕಡಿ ನಿಲ್ಲುತ್ತಿರಲಿಲ್ಲ, ರೇಡಿಯೋ ಆರುತ್ತಿರಲಿಲ್ಲ. ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿಸಿ ಆ ಮುದುಕಿಯ ಕೈ ಕೂಡಿತೇ ಎಂದು ಮೂರು ಸಲ ವಿಚಾರಿಸಿದ್ದರಂತೆ. ಅದು ನರ್ಸು ಹೇಳಿ ನನಗೆ ಗೊತ್ತಾಯಿತು.

ಮೂರು ತಿಂಗಳು ಹೀಗೆ ಕಳೆದ ಮೇಲೆ ನನಗೆ ತಡೆಯಲಿಲ್ಲ. ಒಂದು ಶುಕ್ರವಾರ ಅಂಗಡಿ ಬಿಟ್ಟು ಬನ್ನಿ, ಎಲ್ಲ ತೋರಿಸಿಕೊಂಡು ಬರುತ್ತೇನೆ ಎಂದೆ. ನಕ್ಕರು. ಶುಕ್ರವಾರವೇ ಗಿರಾಕಿ ಬರುವುದು, ಯಾರು ನೋಡಿಕೊಳ್ಳುತ್ತಾರೆ ಎಂದರು. ಅಂಗಡಿಯ ಒಮಾನಿ ಯಜಮಾನರು ಸೈಕ್‌ನವರೇ. ಬಿಳಿ ಗಡ್ಡದ, ಕೋಲು ಹಿಡಿದ ಮನುಷ್ಯ, ದಿನಕ್ಕೊಮ್ಮೆ ಬಂದು ಕೂತು ಹೋಗುತ್ತಿದ್ದರು. ನನ್ನ ಮುರುಕು ಅರಬ್ಬಿಯಲ್ಲಿ ಅವರಿಗೇ ವಿಷಯ ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಾಕಾನ ಕಡೆ ತಿರುಗಿ, ನನ್ನ ತೋಟವನ್ನೂ ನೋಡಿಲ್ಲವೇ ಎಂದು ಕೇಳಿದರು. ತೋಟ ಅಂಗಡಿಯಿಂದ ನಾಲ್ಕು ಕಿಲೋಮೀಟರು. ಪ್ರತಿ ವರ್ಷ ಆ ತೋಟದ ದಾಳಿಂಬೆಯನ್ನು ಕಾಕಾ ತೂಗಿ ಮಾರುತ್ತಿದ್ದರು. ಇಲ್ಲ ಎಂದಾಗ ಮುದುಕರು, ‘ಐಬ್’ ಎಂದರು. ನಾಚಿಕೆಗೇಡು ಎನ್ನುವುದಕ್ಕೆ ಅಲ್ಲಿಯ ಮಾತು. ನಾಚಿಕೆ ಯಾರದು ಎಂದು ಹೇಳಲಿಲ್ಲ. ಮುಂದಿನ ಶುಕ್ರವಾರ ನಾನೇ ಬಂದು ಕೂರುತ್ತೇನೆ, ಖಲಾಸ್ ಎಂದು ಕೋಲು ನೆಲಕ್ಕೆ ಕುಟ್ಟಿ ಎದ್ದರು.

ಆ ದಿನ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಟೊಪ್ಪಿ ಇರಲಿಲ್ಲ. ಅವರ ತಲೆ ಪೂರ್ತಿ ನೆರೆತಿದ್ದನ್ನು ನಾನು ಮೊದಲ ಸಲ ನೋಡಿದೆ. ಕಾರಿನಲ್ಲಿ ಮೊಣಕಾಲ ಮೇಲೆ ಎರಡೂ ಕೈ ಊರಿ, ಪರೀಕ್ಷೆಗೆ ಹೊರಟವರಂತೆ ಕೂತಿದ್ದರು.

ಮೊದಲು ಹೊಲಗಳ ಹಳ್ಳಿ. ಕಾಲುವೆಯ ಅಂಚಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದೆವು. ಕಾಕಾ ಮುಂದೆ. ತಿರುವು ಬರುವ ಮೊದಲೇ, ಈಗ ಒಂದು ಸಣ್ಣ ಕಲ್ಲಿನ ತೊಟ್ಟಿ ಬರಬೇಕು ಸಾರ್ ಎನ್ನುವರು, ಬರುತ್ತಿತ್ತು. ಇನ್ನು ಮೂರು ಅಂಜೂರದ ಮರ ಎನ್ನುವರು. ಎರಡಿದ್ದವು, ಮೂರನೆಯದರ ಬುಡ ಇತ್ತು. ಸರಿಯಾದಾಗಲೆಲ್ಲ ನನಗೆ ಖುಷಿ. ಅವರ ಮುಖ ಮಾತ್ರ ಸಣ್ಣದಾಗುತ್ತ ಬಂತು. ಬೆಳ್ಳುಳ್ಳಿ ಹಾಕಿದ್ದ ಒಂದು ಮಡಿಯ ಮುಂದೆ ನಿಂತು, ‘ಇಷ್ಟು ಸಣ್ಣದಾ?’ ಎಂದರು. ನಾಲ್ಕು ಹೆಜ್ಜೆಗೆ ಮುಗಿಯುವ ಮಡಿ. ಕೇಳಿ ಕೇಳಿ ಅವರ ತಲೆಯಲ್ಲಿ ಅದು ಎಷ್ಟು ದೊಡ್ಡದಾಗಿತ್ತೋ!

ಆಮೇಲೆ ವಾದಿ ಬನೀ ಹಬೀಬ್. ಮೆಟ್ಟಿಲು ಇಳಿಯಲು ಅವರಿಗೆ ಕಷ್ಟವಾಯಿತು. ನಿಂತೇ ದಿನ ಕಳೆಯುವವರ ಮೊಣಕಾಲು. ಎರಡು ಕಡೆ ಕೂತು ಎದ್ದು, ಆಕ್ರೋಟಿನ ಮರದ ಕೆಳಗೆ ನನ್ನ ಹೆಂಡತಿ ಕಟ್ಟಿಕೊಟ್ಟ ಚಪಾತಿ ತಿಂದು, ಹಳ್ಳ ದಾಟಿ ಪಾಳು ಮನೆಗಳ ನಡುವೆ ಹತ್ತಿದೆವು. ಮಾಡು ಬಿದ್ದ ಒಂದು ಕೋಣೆಯಲ್ಲಿ ಅವರು ಗೋಡೆಗೆ ಒರಗಿ ಕೂತರು. ಗೋಡೆಯಲ್ಲಿ ಒಂದು ಗೂಡು, ಅದರ ಮೇಲೆ ದೀಪದ ಮಸಿ ಹಾಗೇ ಇತ್ತು. ಬಹಳ ಹೊತ್ತು ಅದನ್ನೇ ನೋಡಿದರು.

‘ಸಾರ್, ಇಲ್ಲಿಯವರು ಎಲ್ಲ ಒಟ್ಟಿಗೆ ಹೋದದ್ದಾ, ಒಬ್ಬೊಬ್ಬರೇ ಹೋದದ್ದಾ?’

ಗೊತ್ತಿಲ್ಲ ಎಂದೆ. ಮೇಲೆ ಹೊಸ ಮನೆ ಕಟ್ಟಿಕೊಂಡಂತೆ ಒಂದೊಂದೇ ಸಂಸಾರ ಹೋಗಿರಬೇಕು.

‘ಹಾಗಾದ್ರೆ ಕಡೆಗೆ ಒಬ್ಬ ಇದ್ದಿರ್ತಾನೆ’ ಎಂದರು. ‘ಅದನ್ನು ಯಾರೂ ನನಗೆ ಹೇಳಿರ್ಲಿಲ್ಲ.’

ಕೊನೆಗೆ ಕಣಿವೆ ಕಾಣುವ ಅಂಚಿಗೆ ಹೋದೆವು. ಪ್ರವಾಸಿಗಳು ಫೋಟೋ ತೆಗೆಯುವ ಜಾಗ. ಕೆಳಗೆ ಸಾವಿರ ಅಡಿ ಆಳ, ಬಂಡೆಗೆ ಅಂಟಿದ ಹಳ್ಳಿಗಳು, ಸಂಜೆಯ ಬಿಸಿಲು. ಅವರು ಫೋನು ತೆಗೆದು ಮನೆಗೆ ವಿಡಿಯೋ ಕರೆ ಮಾಡಿದರು. ಹೆಂಡತಿ, ಆಮೇಲೆ ಎರಡನೆಯ ಮಗಳು. ಫೋನನ್ನು ಕಣಿವೆಯ ಕಡೆ ತಿರುಗಿಸಿ, ಬ್ಯಾರಿಯಲ್ಲಿ ಏನೇನೋ ತೋರಿಸಿದರು. ಅವರ ದನಿ ಏರಿತ್ತು. ನನಗೆ ಭಾಷೆ ಬಾರದಿದ್ದರೂ ಆ ಕಡೆಯ ದನಿಯಲ್ಲಿ ಏರಿಳಿತವೇ ಇಲ್ಲದ್ದು ತಿಳಿಯಿತು. ಒಂದು ನಿಮಿಷದಲ್ಲಿ ಕರೆ ಮುಗಿಯಿತು.

ಏನಂದರು ಎಂದು ಕೇಳಿದೆ. ಕಾಕಾ ಫೋನನ್ನು ಅಂಗಿಯ ಜೇಬಿಗೆ ಇಟ್ಟು, ಗುಂಡಿ ಹಾಕಿ, ಆಮೇಲೆ ಹೇಳಿದರು. ‘ನೀವು ಯಾವಾಗ್ಲೂ ಹೋಗುವ ಜಾಗ ಅಲ್ವಾ ಉಪ್ಪಾ, ಇವತ್ತೆಂತ ವಿಶೇಷ ಅಂತ ಮಗಳು ಕೇಳಿದಳು.’

ಆಗ ಉಳಿದದ್ದನ್ನೂ ಹೇಳಿದರು. ಮಕ್ಕಳು ಸಣ್ಣವರಿದ್ದಾಗ ಫೋನಿನಲ್ಲಿ, ಇವತ್ತು ಏನು ಮಾಡಿದಿರಿ ಎಂದು ಕೇಳುತ್ತಿದ್ದರಂತೆ. ಅಂಗಡಿ ತೆರೆದೆ, ಅಂಗಡಿ ಮುಚ್ಚಿದೆ ಎಂದು ಎಷ್ಟು ದಿನ ಹೇಳುವುದು? ಒಮ್ಮೆ ಗಿರಾಕಿಯೊಬ್ಬ ಗುಲಾಬಿ ತೋಟ ನೋಡಿ ಬಂದದ್ದನ್ನು ತಾನೇ ನೋಡಿದಂತೆ ಹೇಳಿದರು. ಮಕ್ಕಳು ಕಿರುಚಿ ಸಂತೋಷಪಟ್ಟರು. ಇವರು ಅಲ್ಲಿ ಸುಖವಾಗಿದ್ದಾರೆ ಎಂದುಕೊಂಡು ಹೆಂಡತಿಯ ಅಳುವೂ ನಿಂತಿತು. ಮತ್ತೆ ವಾರಕ್ಕೊಂದು ಕಥೆ ಬೇಕಾಯಿತು. ಅದಕ್ಕೇ ಬಂದವರನ್ನೆಲ್ಲ ಹೇಳಿ ಹೋಗಿ, ಹೇಳಿ ಹೋಗಿ ಎಂದು ಕಾಡಿದ್ದು. ಎರಡನೆಯ ಮಗಳ ಮದುವೆಯ ಹೊತ್ತಿಗೆ ವೀಸಾ ನವೀಕರಣದ ತೊಡಕಿನಿಂದ ಹೋಗಲಾಗಲಿಲ್ಲ. ಅವಳು ನಂಬಲಿಲ್ಲ. ನಿಮಗೆ ಆ ಗುಡ್ಡ ಬಿಟ್ಟು ಬರಲು ಮನಸ್ಸಿಲ್ಲ ಎಂದಳಂತೆ.

‘ಇದೆಲ್ಲ ಮನೆಯವರಿಗೆ ಗೊತ್ತಾಗುದು ಬೇಡ ಸಾರ್’ ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ.

ಆ ಶುಕ್ರವಾರದ ನಂತರ ಯಾರಾದರೂ ಬಂದು ಕೇಳಿದರೆ ಕಾಕಾ ಮತ್ತೆ ಹೇಳತೊಡಗಿದರು, ಆದರೆ ಮೊದಲಿನ ಹಾಗಲ್ಲ. ಕಾಲು ಗಂಟೆಯ ವರ್ಣನೆ ಎರಡು ವಾಕ್ಯಕ್ಕೆ ಇಳಿಯಿತು. ಹೋಗಿ, ಸ್ವಲ್ಪ ಹೊತ್ತು ಕೂತುಕೊಳ್ಳಿ, ಮೆಟ್ಟಿಲು ನೋಡಿಕೊಂಡು ಇಳಿಯಿರಿ. ನೋಡಿದ ಮೇಲೆ ಅವರಿಗೆ ಹೇಳಲು ಕಷ್ಟವಾಗುತ್ತಿತ್ತು. ಒಂದು ವರ್ಷದ ನಂತರ ಮೊಣಕಾಲು ಪೂರ್ತಿ ಸೋತು, ವೀಸಾ ರದ್ದು ಮಾಡಿಸಿ ಊರಿಗೆ ಹೊರಟರು. ಮಸ್ಕತ್ತಿನ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ಯಜಮಾನರು ಕೊಟ್ಟ ಒಂದು ಬಾಟಲಿ ಪನ್ನೀರು ಬಟ್ಟೆಯ ನಡುವೆ ಇತ್ತು. ಇಳಿಯುವ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಊರಿನಿಂದ ನಾಲ್ಕೈದು ಸಲ ಫೋನು ಮಾಡಿದರು. ಇಲ್ಲಿ ಮನೆ ತುಂಬ ಜನ ಸಾರ್, ಆದರೆ ನಾನು ಬಾಯಿ ತೆರೆದರೆ ನಿಮ್ಮ ಬೆಟ್ಟದ ಕಥೆ ಗೊತ್ತುಂಟು ಅಂತಾರೆ ಎಂದಿದ್ದರು ಒಮ್ಮೆ. ಆಮೇಲೆ ಕರೆಗಳು ನಿಂತವು. ಆಮೇಲೆ ಆ ಡ್ರೈವರ್ ತಂದ ಸುದ್ದಿ.

ಈ ವರ್ಷ ಮಾರ್ಚಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣು ದನಿ. ಉಪ್ಪನ ಫೋನಿನಲ್ಲಿ ನಿಮ್ಮ ನಂಬರ್ ಇತ್ತು ಅಂಕಲ್ ಎಂದಳು. ಎರಡನೆಯ ಮಗಳು. ಗಂಡನಿಗೆ ಮಸ್ಕತ್ತಿನ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯಲ್ಲಿ ಕೆಲಸವಾಗಿ ಇಲ್ಲಿಗೇ ಬಂದಿದ್ದಳು. ಆ ಬೆಟ್ಟವನ್ನು ಒಮ್ಮೆ ನೋಡಬೇಕು, ಗಂಡನದು ಸಣ್ಣ ಕಾರು, ಮೇಲೆ ಬಿಡುವುದಿಲ್ಲವಂತೆ, ನೀವು ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಳು.

ಗಂಡ ಹೆಂಡತಿ ನಿಜ್ವಾಕ್ಕೆ ಬಂದರು. ಅಲ್ಲಿಂದ ನನ್ನ ಗಾಡಿ. ಅವಳಿಗೆ ತಂದೆಯದೇ ಹಣೆ, ತಂದೆಯದೇ ತೆಳು ಮೈ. ಏರುವ ದಾರಿಯಲ್ಲಿ ನಾನು ಏನನ್ನೂ ತೋರಿಸಬೇಕಾಗಲಿಲ್ಲ. ಮುಂದೆ ಗಿಡ್ಡ ಮರ, ನೀಲಿ ಕಾಯಿ. ಎಡಕ್ಕೆ ಹೊಲಗಳ ಹಳ್ಳಿ. ಅದರಾಚೆ ಬಿಟ್ಟುಹೋದ ಊರು. ಎಲ್ಲ ಅವಳೇ ಹೇಳಿದಳು, ಒಂದೂ ತಪ್ಪಿಲ್ಲದೆ. ದನಿಯಲ್ಲಿ ಮಾತ್ರ ಸಂತೋಷವಿರಲಿಲ್ಲ. ಕೊನೆಯ ತಿರುವಿನ ಬಳಿ, ಕಿಟಕಿಯಿಂದ ಹೊರಗೆ ನೋಡುತ್ತ ಕೇಳಿದಳು: ‘ನಮ್ಮ ಜೊತೆ ಇರುದಕ್ಕಿಂತ ಉಪ್ಪನಿಗೆ ಇಲ್ಲೇ ಖುಷಿ ಇತ್ತು, ಅಲ್ವಾ ಅಂಕಲ್?’

ಹೌದು ಎಂದುಬಿಟ್ಟಿದ್ದರೆ ಮಾತು ಉಳಿಸಿಕೊಂಡಂತಾಗುತ್ತಿತ್ತು. ಕಾಕಾ ಬೇಡವೆಂದಿದ್ದರು, ನಾನು ತಲೆಯಾಡಿಸಿದ್ದೆ. ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿದೆ. ಎಂಜಿನ್ ಆರಿಸಿದೆ.

‘ಇಲ್ಲವ್ವಾ’ ಎಂದೆ. ‘ನಿಮ್ಮಪ್ಪ ಇಪ್ಪತ್ನಾಕು ವರ್ಷದಾಗ ಈ ಬೆಟ್ಟ ನೋಡಿದ್ದು ಒಂದ ದಿನ. ನಾನ ಕರ್ಕೊಂಡು ಹೋಗಿದ್ದೆ.’

ಉಳಿದದ್ದನ್ನು ನಿಧಾನವಾಗಿ ಹೇಳಿದೆ. ಗಿರಾಕಿಗಳ ಕಥೆ, ರಟ್ಟಿನ ನಕಾಶೆ, ಮುದುಕಿಯ ಕೈ, ಪಾಳು ಮನೆ, ಆ ವಿಡಿಯೋ ಕರೆ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ, ಅಂಗಡಿಗೆ ಹೋಗುವ ಎಂದಳು.

ಅಂಗಡಿಯಲ್ಲಿ ಈಗ ಒಬ್ಬ ಬಂಗಾಳಿ ಇದ್ದಾನೆ. ಹಿಂದಿಯಲ್ಲಿ ವಿಷಯ ಹೇಳಿದೆ. ಅವನು ಏನೂ ಕೇಳದೆ ಕೌಂಟರಿನ ಹಲಗೆ ಎತ್ತಿ, ಒಳಗೆ ಬರಲು ದಾರಿ ಬಿಟ್ಟು, ತಾನು ಹೊರಗೆ ಬಂದು ನಿಂತ. ಅವಳು ಒಳಗೆ ಹೋಗಿ, ತಕ್ಕಡಿಯ ಹಿಂದೆ, ಸ್ಟೂಲಿನ ಮೇಲೆ ಕೂತಳು. ಬಾಗಿಲಿನಾಚೆ ನೋಡಿದಳು. ಅಲ್ಲಿಂದ ಕಾಣುವುದು ಒಂದು ಪೆಟ್ರೋಲ್ ಬಂಕಿನ ಬೆನ್ನು, ನೀರಿನ ಟ್ಯಾಂಕರುಗಳು ನಿಲ್ಲುವ ಬಯಲು, ಪಳ್ಳಿಯ ಕಾಂಪೌಂಡು ಗೋಡೆ. ಬೆಟ್ಟ ಎಲ್ಲಿಯೂ ಕಾಣುವುದಿಲ್ಲ. ಅಷ್ಟು ವರ್ಷ ಹೋಗಿ ಬಂದರೂ ಆ ಜಾಗದಲ್ಲಿ ನಾನು ಕೂತಿರಲಿಲ್ಲ, ಹಾಗಾಗಿ ನನಗೂ ಅದು ತಿಳಿದಿರಲಿಲ್ಲ.

‘ಇಷ್ಟೇ ಕಾಣುದಾ ಅಂಕಲ್?’

‘ಇಷ್ಟೇ ನೋಡವ್ವಾ.’

ಅವಳು ಎರಡೂ ಕೈಯನ್ನು ಕೌಂಟರಿನ ಮೇಲಿಟ್ಟುಕೊಂಡು ಕೂತೇ ಇದ್ದಳು. ಗಿರಾಕಿಗಳು ಬಂದರು, ಹೊರಗೆ ನಿಂತಿದ್ದ ಬಂಗಾಳಿಯ ಹತ್ತಿರವೇ ಸಾಮಾನು ಕೇಳಿ ಪಡೆದು ಹೋದರು. ಪಳ್ಳಿಯಲ್ಲಿ ಸಂಜೆಯ ಅಸರ್ ಬಾಂಗ್ ಆಯಿತು. ಗಂಡ ಒಳಗೆ ಬಗ್ಗಿ, ಬಿಸಿಲು ವಾಲುತ್ತಿದೆ, ಆ ಕಣಿವೆಯ ಅಂಚನ್ನಾದರೂ ನೋಡಿ ಬರೋಣವೇ ಎಂದು ಕೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಆ ದಿನ ನಾವು ಬೆಟ್ಟದಲ್ಲಿ ಬೇರೇನನ್ನೂ ನೋಡಲಿಲ್ಲ.